ಎರವಿನ ಚರ್ಮ

ಜನವರಿ ೧೯, ೧೯೭೭. ಬುಧವಾರ

ಬೈಲಹೊಂಗಲದ ದವಾಖಾನಿಯ ವರಾಂಡದಲ್ಲಿ ಕೂತು ಬರೆಯುತ್ತಿದ್ದೇನೆ. ಇಲ್ಲಿ ನನ್ನ ಕೂಡ ಮಾತಾಡುವವರು ಯಾರೂ ಇಲ್ಲ. ಮಾತಾಡಿದರೂ ಏನು ಹೇಳುವುದೋ ತಿಳಿಯದು.

ನಿನ್ನೆ ಸಂಜಿಮುಂದ ನೇಸರಗಿಯ ಗೌಡರ ಗಾಣದಲ್ಲಿ ಅತ್ತಿಯ ಮೈಮೇಲೆ ಬೆಲ್ಲದ ಪಾಕ ಬಿತ್ತು. ಕೊಪ್ಪರಿಗಿ ಇಳಿಸುವ ಹೊತ್ತು. ಅದರ ಕಿವಿಯಂಥ ಹಿಡಿಕಿಗಳಿಗೆ ಬೊಂಬು ಹಾಕಿ ಗಂಡಸರು ಹೆಗಲ ಮೇಲೆ ಎತ್ತಿದ್ದರು. ಒಂದು ತುದಿ ನಮ್ಮ ಮನಿಯವರ ಹೆಗಲಿಗಿತ್ತು. ನೆಲದಲ್ಲಿ ಚೆಲ್ಲಿದ್ದ ರಸದ ಮೇಲೆ ಅವರ ಕಾಲು ಜಾರಿತು. ಅತ್ತಿ ಒಲಿಯ ಬಾಯಿಗೆ ಕಬ್ಬಿನ ಸಿಪ್ಪಿ ಒಟ್ಟುತ್ತ ಕೂತಿದ್ದರು. ಏಳಲು ಸಮಯ ಸಿಗಲಿಲ್ಲ. ಹೊಟ್ಟಿ, ಎರಡೂ ತೊಡಿ, ಎಡಗೈ. ಕುದಿನೀರಾಗಿದ್ದರೆ ಹರಿದು ಹೋಗುತ್ತಿತ್ತೇನೋ. ಪಾಕ ಬಿದ್ದಲ್ಲೇ ಅಂಟಿ ಕೂತಿತು. ಹೆಣ್ಣುಮಕ್ಕಳು ಓಡಿ ಬಂದು ಸೀರಿ ಎಳೆದರು. ಸೀರಿಯ ಜೊತೆ ಏನು ಬಂತು ಎಂಬುದನ್ನು ನಾನು ಬರೆಯುವುದಿಲ್ಲ.

ಗೌಡರ ಜೀಪಿನ ಹಿಂದೆ ಗೋಣಿಚೀಲ ಹಾಸಿ ಮಲಗಿಸಿಕೊಂಡು ಬಂದೆವು. ದಾರಿಯುದ್ದಕ್ಕೂ ಅತ್ತಿ ಒಂದೇ ಮಾತು ಕೇಳುತ್ತಿದ್ದರು: "ಶಂಕ್ರ್ಯಾಗ ಏನೂ ಆಗಿಲ್ಲಲ್ಲ?" ಮಗನಿಗೆ ಒಂದು ಹನಿಯೂ ಸಿಡಿದಿರಲಿಲ್ಲ. ಅವರು ಜೀಪಿನಲ್ಲಿ ಮುಂದೆ ಕೂತಿದ್ದರು. ಹಿಂದಕ್ಕೆ ತಿರುಗಿ ನೋಡಲಿಲ್ಲ.

ಜನವರಿ ೨೨, ಶನಿವಾರ

ನಮ್ಮ ಮನಿಯವರು ಮೊದಲ ದಿನ ಮುಂಜಾನೆಯೇ ಊರಿಗೆ ಹೋದರು. ಎಮ್ಮಿಗೆ ಮೇವು ಹಾಕುವವರು ಬೇಕಲ್ಲ ಅಂದರು. ನಾನು ಹೂಂ ಅಂದೆ. ಗಂಡಸರು ಹೆಂಗಸರ ವಾರ್ಡಿನಲ್ಲಿ ಕೂರುವುದೂ ಚಂದ ಕಾಣುವುದಿಲ್ಲ.

ಅತ್ತಿಗೆ ನಾನು ಬೇಕಾಗಿಲ್ಲ. ನೀರು ಕುಡಿಸಲು ಹೋದರೆ ಮುಖ ತಿರುಗಿಸುತ್ತಾರೆ. ಆಮೇಲೆ ಬಾಯಾರಿ ಕುಡಿಯುತ್ತಾರೆ. ಇದರಲ್ಲಿ ಹೊಸತೇನಿಲ್ಲ. ನಾನು ಈ ಮನಿಗೆ ಬಂದು ಒಂಬತ್ತು ವರ್ಷವಾಯಿತು, ಮಡಿಲು ತುಂಬಲಿಲ್ಲ. ದೀಪಾವಳಿ ಮುಗಿದ ಮೇಲೆ ಅತ್ತಿ ಸಿರಸಂಗಿಗೆ ಹೋಗಿ ತಮ್ಮನಾದ ದುರ್ಗಪ್ಪನ ಮಗಳು ಇಂದ್ರವ್ವನನ್ನು ಮಗನಿಗೆ ಕೇಳಿ ಬಂದಿದ್ದರು. ಗಾಣದ ಕೆಲಸ ಮುಗಿಯಲಿ, ಯುಗಾದಿಯ ಹೊತ್ತಿಗೆ ಮಾಡೋಣ ಎಂದು ಮಾತಾಗಿತ್ತು. ನನ್ನೆದುರಿಗೇ ಆಡಿದರು. ಮುಚ್ಚಿ ಆಡಿದ್ದರೆ ಹೆಚ್ಚು ನೋವಾಗುತ್ತಿತ್ತೋ ಏನೋ.

ಈಗ ಅವರ ಮಲ ಮೂತ್ರ ನಾನೇ ತೆಗೆಯುತ್ತೇನೆ. ಸೊಸಿ ಅಂದ ಮೇಲೆ ಮಾಡಬೇಕು, ಮಾಡುತ್ತೇನೆ. ಪುಣ್ಯಕ್ಕಲ್ಲ.

ವಾರ್ಡಿನಲ್ಲಿ ಸುಟ್ಟ ಬೆಲ್ಲದ ವಾಸನಿ ಇನ್ನೂ ಬರುತ್ತದೆ. ನನಗೊಬ್ಬಳಿಗೇ ಬರುತ್ತದೋ, ಎಲ್ಲರಿಗೂ ಬರುತ್ತದೋ.

ಜನವರಿ ೨೭, ಗುರುವಾರ

ಡ್ರೆಸ್ಸಿಂಗ್ ದಿನ. ಪಟ್ಟಿ ಬಿಚ್ಚುವಾಗ ಅತ್ತಿ ಕೂಗಿದ ಕೂಗಿಗೆ ಹೊರಗಿನ ಮರದ ಹಕ್ಕಿಗಳು ಎದ್ದು ಹೋದವು. ನರ್ಸ್ ಚನ್ನವ್ವ ಅನ್ನುವವರು ಗಟ್ಟಿ ಹೆಂಗಸು, ಒಳ್ಳೆಯವರು. ಪಟ್ಟಿಯ ಮೇಲೆ ಉಪ್ಪುನೀರು ಹನಿಸುತ್ತ ಕಾಯಬೇಕು, ಅದು ತಾನಾಗಿ ಸಡಿಲಾಗುತ್ತದೆ, ಎಳೆಯಬಾರದು ಎಂದು ನನಗೆ ತೋರಿಸಿದರು. ಅವರು ಪಾದ ಹಿಡಿದಾಗ ಅತ್ತಿ ಹಿಂದಕ್ಕೆ ಎಳೆದುಕೊಂಡರು. "ನಾವು ಕೆಳಗಿನ ಕೇರಿಯವರು ಅದೇವ್ರಿ, ಮುಟ್ಟಬ್ಯಾಡ್ರಿ" ಅಂದರು. ಚನ್ನವ್ವ ಕೇಳಿಸದವರ ಹಾಗೆ ಕಾಲು ಒರೆಸಿದರು.

ನಾನು ಇವತ್ತು ಮೊದಲ ಸಲ ಗಾಯವನ್ನು ಸರಿಯಾಗಿ ನೋಡಿದೆ. ಹೊಟ್ಟಿಯ ಮೇಲೆ ಕೆಂಪಗೆ, ಹಸಿಯಾಗಿದೆ. ಗಾಳಿ ತಾಗಿದರೂ ಚೀರುತ್ತಾರೆ. ತೊಡಿಗಳ ಮೇಲೆ ಬೇರೆ ಥರ. ಬೆಳ್ಳಗೆ, ಚಪ್ಪಲಿಯ ತೊಗಲಿನ ಹಾಗೆ ಬಿರುಸು. ಅಲ್ಲಿ ಡಾಕ್ಟರು ಸೂಜಿ ಚುಚ್ಚಿದರೂ ಅತ್ತಿಗೆ ಗೊತ್ತಾಗಲಿಲ್ಲ. ನೋವಿಲ್ಲದ್ದು ಚಲೋ ಅಂದುಕೊಂಡೆ. ಡಾಕ್ಟರು ಹೊರಗೆ ಬಂದ ಮೇಲೆ ಧೈರ್ಯ ಮಾಡಿ ಕೇಳಿದೆ. ಅವರು ನಾನು ಏಳನೇ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದವಳು ಎಂದು ತಿಳಿದು ನಿಂತು ಹೇಳಿದರು.

ನೋವಿಲ್ಲದ್ದೇ ಕೆಟ್ಟದ್ದಂತೆ. ಚರ್ಮ ಮೇಲಿನಿಂದ ಬೆಳೆಯುವುದಿಲ್ಲವಂತೆ, ಆಳದಿಂದ ಬೆಳೆಯುತ್ತದಂತೆ. ಪ್ರತಿಯೊಂದು ಕೂದಲು ಎಲ್ಲಿಂದ ಹುಟ್ಟುತ್ತದೋ ಆ ಕುಳಿಯಲ್ಲಿ ಚರ್ಮದ ಬೀಜದಂಥ ಕಣಗಳು ಇರುತ್ತವೆ. ಮೇಲಿನದು ಸುಟ್ಟರೂ ಆ ಕುಳಿ ಉಳಿದಿದ್ದರೆ ಅಲ್ಲಿಂದ ಹೊಸ ಚರ್ಮ ಎದ್ದು ಸುತ್ತ ಹರಡುತ್ತದೆ. ಹೊಟ್ಟಿಯ ಮೇಲೆ ಉಳಿದಿವೆ. ತೊಡಿಗಳಲ್ಲಿ ಪಾಕ ಬೇರಿನ ತನಕ ಸುಟ್ಟಿದೆ. ಅಲ್ಲಿ ಬೆಳೆಯಬೇಕಾದರೆ ಅಂಚಿನಿಂದ ಬೆಳೆಯಬೇಕು. ಅಷ್ಟು ಅಗಲಕ್ಕೆ ಅಂಚು ಸಾಲದು.

"ಬೀಜ ಅಂದ್ರ ಯಾವದ್ರಿ?" ಅಂದೆ.

"ಅದು ನಮಗೂ ಪೂರ್ತಿ ಗೊತ್ತಿಲ್ಲವಾ" ಅಂದರು. "ಅಮೇರಿಕಾದಾಗ ಈಗ ಒಂದೆರಡು ವರ್ಷದಿಂದ ಗಾಜಿನ ತಾಟಿನ್ಯಾಗ ಆ ಕಣ ಬೆಳಸಾಕ ಹತ್ಯಾರಂತ ಓದೇನಿ. ಅದು ನಮ್ಮ ತನಕ ಬರೋದರಾಗ ಎಷ್ಟ ಮಂದಿ ಹೋಗತಾರೋ."

ಹಾಗೆ ಅಂದ ಮೇಲೆ ಅವರಿಗೇ ಕೆಟ್ಟದೆನಿಸಿರಬೇಕು. ಬೇಗ ಹೋದರು.

ಫೆಬ್ರವರಿ ೧, ಮಂಗಳವಾರ

ಹೊಟ್ಟಿಯ ಮೇಲೆ ಬಂದಿವೆ. ಕೆಂಪು ಮಾಂಸದ ನಡುವೆ ಅಲ್ಲಲ್ಲಿ ರಾಗಿಕಾಳಿನಷ್ಟು ಬಿಳಿ ಚುಕ್ಕಿ. ಚನ್ನವ್ವ ಬೆರಳು ತೋರಿಸಿ, "ಇವೇ ನೋಡು" ಅಂದರು. ನನಗೆ ಯಾಕೋ ಕಣ್ಣು ತುಂಬಿತು. ಅತ್ತಿಗೆ ಹೇಳಿದೆ, ಹೊಟ್ಟಿ ಮಾಯಲು ಹತ್ತಿದೆ ಎಂದು. "ಆ ಹೊಟ್ಟಿಯಿಂದ ಏನು" ಅಂದರು.

ತೊಡಿಯ ಮೇಲಿನ ಸತ್ತ ಚರ್ಮವನ್ನು ಡಾಕ್ಟರು ದಿನಕ್ಕಿಷ್ಟು ಕತ್ತರಿಸಿ ತೆಗೆಯುತ್ತಿದ್ದಾರೆ. ಕೆಳಗೆ ಬರೀ ಮಾಂಸ. ಅಲ್ಲಿಂದ ನೀರು ಸೋರುತ್ತದೆ, ಹಾಸಿಗಿ ಒದ್ದೆಯಾಗುತ್ತದೆ, ಮೈ ಇಳಿಯುತ್ತಿದೆ. ಮುಚ್ಚದಿದ್ದರೆ ಕೀವಾಗಿ ನಂಜೇರುತ್ತದೆ. ಬೆನ್ನಿನ ಚರ್ಮ ತೆಗೆದು ಹಚ್ಚಬಹುದು, ಆದರೆ ಈಗಿನ ನಿತ್ರಾಣದಲ್ಲಿ ಬೆನ್ನಿಗೆ ಇನ್ನೊಂದು ಗಾಯ ಮಾಡಿದರೆ ತಡೆದುಕೊಳ್ಳಲಾರರು. ಅದಕ್ಕೆ ಸದ್ಯಕ್ಕೆ ಬೇರೆಯವರ ಚರ್ಮ ಹೊದಿಸಬೇಕು ಅಂದರು ಡಾಕ್ಟರು. ಅದು ಕೊನೆತನಕ ನಿಲ್ಲುವುದಿಲ್ಲ. ಮೈ ತನ್ನದಲ್ಲದ್ದನ್ನು ಗುರುತು ಹಿಡಿದು ಕೆಲವು ವಾರಗಳಲ್ಲಿ ಬಿಟ್ಟುಬಿಡುತ್ತದೆ. ಅಷ್ಟರೊಳಗೆ ರೋಗಿ ಚೇತರಿಸಿಕೊಂಡರೆ ಆಮೇಲೆ ಸ್ವಂತದ್ದು ತೆಗೆಯಬಹುದು.

"ಮಗ ಅದಾನಲ್ಲ, ಕರಸು" ಅಂದರು.

ಫೆಬ್ರವರಿ ೩, ಗುರುವಾರ

ಮನಿಯವರು ಬಂದಿದ್ದರು. ಡಾಕ್ಟರ ಮುಂದೆ ಹೂಂ ಅಂದರು. ಒಂದು ಅಗಲ ಚೂರಿ ತೋರಿಸಿ, ತೊಡಿಯಿಂದ ಕಾಗದದಷ್ಟು ತೆಳ್ಳಗೆ ಹೆರೆಯುತ್ತೇವೆ, ಬೇರು ಕೆಳಗೆ ಉಳಿಯುವುದರಿಂದ ಅಲ್ಲಿ ತಾನೇ ಬೆಳೆಯುತ್ತದೆ ಎಂದು ಡಾಕ್ಟರು ತಿಳಿಸಿ ಹೇಳಿದರು. ಹೊರಗೆ ಬಂದು ಇವರು ಬೇವಿನ ಮರದ ಕೆಳಗೆ ಕೂತು ವಾಂತಿ ಮಾಡಿಕೊಂಡರು.

"ನನ್ನ ಕೈಲೆ ಆಗಾಂಗಿಲ್ಲ ಸಾವಂತ್ರಿ" ಅಂದರು. "ಆಕೀನ್ನ ನೋಡಿದರ ನನಗ ಬೊಂಬು ಜಾರಿದ್ದs ನೆನಪಾಗತೈತಿ."

ನನಗೆ ಪಾಪ ಅನಿಸಿತು. ಮಧ್ಯಾಹ್ನದ ಬಸ್ಸಿಗೆ ಹೋದರು. ತಾಯಿಯ ಹತ್ತಿರ ಹೋಗಲಿಲ್ಲ.

ಡಾಕ್ಟರಿಗೆ ಏನು ಹೇಳಲಿ ಎಂದು ಕೂತೆ. ಆಮೇಲೆ ಹೋಗಿ, ನಂದು ನಡೆಯುತ್ತದೇನು ಎಂದು ಕೇಳಿದೆ. ಯಾರದಾದರೂ ನಡೆಯುತ್ತದೆ ಅಂದರು. ಅಷ್ಟೇ. ಯಾಕೆ ಕೇಳಿದೆ ಎಂದು ನನಗೆ ಗೊತ್ತಿಲ್ಲ. ದಿನಾ ಪಟ್ಟಿ ತೋಯಿಸಿ ತೋಯಿಸಿ, ಆ ಗಾಯ ಮುಚ್ಚಿದ್ದನ್ನು ಒಮ್ಮೆ ನೋಡಬೇಕು ಅನಿಸಿತು, ಅದಕ್ಕಿರಬೇಕು.

ಫೆಬ್ರವರಿ ೬, ರವಿವಾರ

ನಾಳೆ. ತೊಡಿಯ ಕೂದಲು ಬೋಳಿಸಿದರು. ಹೆದರಿಕಿ ಬರುತ್ತದೆ.

ಫೆಬ್ರವರಿ ೧೦, ಗುರುವಾರ

ಈಗ ಕೂತು ಬರೆಯಲು ಆಗುತ್ತಿದೆ. ನೋವು ಅಂದರೆ ಒಲಿಯ ಮೇಲೆ ತೊಡಿ ಇಟ್ಟ ಹಾಗೆ. ಇಷ್ಟಗಲಕ್ಕೆ ಹೀಗಾದರೆ ಅತ್ತಿಗೆ ಹೇಗಾಗಿರಬೇಕು. ಅವರು ಕೂಗಿದಾಗ ನನಗೆ ಮನಸ್ಸಿನಲ್ಲೇ ಸಿಟ್ಟು ಬರುತ್ತಿತ್ತು, ಇನ್ನು ಬರಲಿಕ್ಕಿಲ್ಲ.

ಅತ್ತಿ ತಮ್ಮ ಮೈಮೇಲಿರುವುದು ಮಗನ ಚರ್ಮ ಎಂದು ತಿಳಿದಿದ್ದಾರೆ. ಮಗನನ್ನು ಕರೆಸಿದ್ದು ಗೊತ್ತಿತ್ತಲ್ಲ. ನಾನು ಕುಂಟುತ್ತ ಬಂದಾಗ, ಬಚ್ಚಲಲ್ಲಿ ಬಿದ್ದೆ ಎಂದೆ. ನಂಬಿದರು. ಪಟ್ಟಿಯ ಮೇಲೆ ಬಲಗೈ ಸವರುತ್ತ ಪಕ್ಕದ ಹಾಸಿಗಿಯ ಮುದುಕಿಗೆ ಹೇಳುತ್ತಿದ್ದರು, "ನಾ ಹಡದ ಮೈ ತಿರುಗಿ ನನಗs ಬಂತು ನೋಡವಾ."

ಚನ್ನವ್ವ ನನ್ನ ಕಡೆ ನೋಡಿದರು. ನಾನು ಸುಮ್ಮನಿರಿ ಎಂದು ಕೈ ಮಾಡಿದೆ. ನಿಜ ಹೇಳಿದರೆ ಕಿತ್ತು ಹಾಕಿ ಅಂದಾರು.

ಫೆಬ್ರವರಿ ೧೮, ಶುಕ್ರವಾರ

ಹಿಡಿದಿದೆ. ಡಾಕ್ಟರು ಪಟ್ಟಿ ತೆಗೆದು ನೋಡಿ ತಲೆಯಾಡಿಸಿದರು. ಮಾಂಸದ ಮೇಲೆ ನನ್ನ ಚರ್ಮ ಗುಲಾಬಿ ಬಣ್ಣಕ್ಕೆ ತಿರುಗಿ ಕೂತಿದೆ. ಒಂದು ಕಡೆ ನನ್ನ ಮಚ್ಚಿ ಸಹಿತ. ಸೋರುವುದು ನಿಂತಿದೆ. ಜ್ವರ ಇಳಿದಿದೆ. ಅತ್ತಿ ಇವತ್ತು ಜೋಳದ ಅಂಬಲಿ ಕುಡಿದು ಇನ್ನಷ್ಟು ಕೇಳಿದರು. ನಾನು ಎಣ್ಣಿ ಹಚ್ಚಿ ತಲಿ ಬಾಚಿದೆ. ಸಿಕ್ಕು ಬಿಡಿಸುವಾಗ, "ನಿನ್ನ ಕೈ ಹಗುರ ಐತಿ" ಅಂದರು. ಆಮೇಲೆ ಹಾಗೆ ಅಂದಿದ್ದಕ್ಕೆ ಸಿಟ್ಟು ಬಂತೇನೋ, ನೀರು ಬಿಸಿ ಇಲ್ಲ ಎಂದು ಬೈದರು.

ಮದುವಿಯ ಮಾತೂ ತೆಗೆದರು. ಇಂದ್ರವ್ವನಿಗೆ ಸೀರಿ ತರಲು ತಮ್ಮಿಂದ ಆಗುವುದಿಲ್ಲ, ನೀನೇ ಹೋಗಿ ಆರಿಸಬೇಕಾದೀತು ಅಂದರು. ಆರಿಸುತ್ತೇನೆ ಅಂದೆ. ಅಷ್ಟು ಸಂಕಟ ಆಗಲಿಲ್ಲ. ನನ್ನ ಲಕ್ಷ್ಯವೆಲ್ಲ ಪಟ್ಟಿಯ ಅಂಚಿನಲ್ಲಿತ್ತು, ಒಂದು ಕಡೆ ಸಡಿಲಾಗಿತ್ತು.

ಫೆಬ್ರವರಿ ೨೩, ಬುಧವಾರ

ನನ್ನ ತೊಡಿಗೆ ಅಂಟಿಸಿದ್ದ ವ್ಯಾಸಲೀನ್ ಬಟ್ಟಿ ಸ್ನಾನ ಮಾಡುವಾಗ ತಾನೇ ಕಳಚಿ ಬಂತು. ಕೆಳಗೆ ಹೊಸ ಚರ್ಮ, ಕೂಸಿನ ಗಲ್ಲದ ಬಣ್ಣ. ಯಾರೂ ಏನೂ ಹಚ್ಚಲಿಲ್ಲ, ಹೊದಿಸಲಿಲ್ಲ. ಬಹಳ ತಿಂಡಿ ಬಿಡುತ್ತದೆ, ಕೈ ತುರಿಸಲು ಹೋಗುತ್ತದೆ, ಆದರೆ ತುರಿಸಿಕೊಳ್ಳಬಾರದು.

ಮನಿಯವರು ಬಂದಿಲ್ಲ. ಗಾಣದ ಕೆಲಸ ಮುಗಿದಿದೆ ಎಂದು ನೇಸರಗಿಯಿಂದ ಬಂದವರು ಹೇಳಿದರು.

ಫೆಬ್ರವರಿ ೨೮, ಸೋಮವಾರ

ಬಿಟ್ಟಿತು. ಮೊದಲು ನೀಲಿಯಾಯಿತು, ಆಮೇಲೆ ಅಂಚು ಕಪ್ಪಗೆ ಸುರುಳಿಯಾಯಿತು. ಇವತ್ತು ಪಟ್ಟಿ ತೋಯಿಸಿದರೆ ಪಟ್ಟಿಯ ಜೊತೆ ಎದ್ದು ಬಂತು. ಡಾಕ್ಟರು ಮೊದಲೇ ಹೇಳಿದ್ದರು. ಹೇಳಿದ್ದು ಬೇರೆ, ಕೈಯಲ್ಲಿ ಹಿಡಿದು ಬಕೆಟ್ಟಿಗೆ ಹಾಕುವುದು ಬೇರೆ. ಮಗನದಾಗಿದ್ದರೆ ಉಳಿಯುತ್ತಿತ್ತೇ ಎಂದು ಕೇಳಿದೆ. ಇಲ್ಲ, ಯಾರದಾದರೂ ಹೀಗೇ ಆಗುತ್ತಿತ್ತು ಅಂದರು. ಈ ವಾರದಲ್ಲಿ ಬೆನ್ನಿನದು ತೆಗೆಯುತ್ತಾರೆ.

ಅತ್ತಿ ಎಲ್ಲ ನೋಡಿದರು. ಊಟ ಬೇಡವೆಂದರು.

ಮಾರ್ಚ್ ೨, ಬುಧವಾರ

ಎರಡು ದಿನದಿಂದ ಬಾಯಿಗೆ ಅಗುಳು ಹಾಕಿಲ್ಲ. ಬೆನ್ನಿನ ಚರ್ಮವೂ ಬೇಡವಂತೆ. ಇವತ್ತು ಮಧ್ಯಾಹ್ನ ನಾನು ಗಂಜಿಯ ಬಟ್ಟಲು ಹಿಡಿದು ಕೂತೇ ಇದ್ದೆ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಹಾಗೇ ಅಂದರು.

"ಹಡದ ಮಗನ ಚರ್ಮನೂ ನನ್ನ ಮೈಯಾಗ ನಿಲ್ಲವಲ್ದು. ಇನ್ನ ಯಾಕ ಬದುಕಬೇಕು."

ಇದನ್ನೇ ಎರಡು ದಿನದಿಂದ ಒಳಗೊಳಗೆ ಅರೆಯುತ್ತಿದ್ದರು. ನನಗೆ ಆಗ ತಿಳಿಯಿತು. ಬಟ್ಟಲು ಕೆಳಗಿಟ್ಟೆ.

"ಅದು ಅವರದಲ್ಲರಿ ಅತ್ತಿ. ನಂದು" ಅಂದೆ.

ತಿರುಗಿದರು. ನೋಡಿದರು. ನಾನು ಬೈಗುಳಕ್ಕೆ ಕಾದೆ.

"ತೋರಿಸು" ಅಂದರು.

ಪರದೆ ಎಳೆದು ಸೀರಿ ಮೇಲಕ್ಕೆ ಮಾಡಿ ತೊಡಿ ತೋರಿಸಿದೆ. ಬಲಗೈ ಚಾಚಿ ಆ ಗುಲಾಬಿ ಜಾಗದ ಮೇಲೆ ಅಂಗೈ ಇಟ್ಟರು. ಅವರ ಕೈ ಬಿರುಸು. ಸೌದಿ, ಸಿಪ್ಪಿ, ಕಬ್ಬು ಹಿಡಿದ ಕೈ. ಅಂಚಿನ ತನಕ ಸವರಿ ಎಷ್ಟು ಅಗಲ ಎಂದು ನೋಡಿದರು.

"ನೋಯತೈತೇನು?"

"ಇಲ್ಲರಿ. ತಿಂಡಿ ಬಿಡತೈತಿ."

"ನನಗ ಯಾಕ ಹೇಳಲಿಲ್ಲ?"

"ಬ್ಯಾಡ ಅಂತಿದ್ರಿ."

"ಹೌದು, ಅಂತಿದ್ದೆ" ಅಂದರು.

ಆಮೇಲೆ ಕೈ ತೆಗೆಯಲಿಲ್ಲ. ಉಗುರು ತಾಗದ ಹಾಗೆ ಬೆರಳ ತುದಿಯಿಂದ ಅಲ್ಲಿ ಮೆಲ್ಲಗೆ ಸವರತೊಡಗಿದರು, ಕೂಸಿಗೆ ಮಾಡುವ ಹಾಗೆ. ತಿಂಡಿಗೆ ಎಷ್ಟು ಹಾಯೆನಿಸಿತೆಂದರೆ ನನಗೆ ಕೂತಲ್ಲೇ ಕಣ್ಣು ಮುಚ್ಚಿತು. ಹೀಗೆ ನನ್ನ ಮೈಯನ್ನು ಯಾರಾದರೂ ಮುಟ್ಟಿ ಎಷ್ಟು ವರ್ಷವಾಯಿತೋ. ನಮ್ಮವ್ವ ನಾನು ಸಣ್ಣಾಕಿ ಇದ್ದಾಗಲೇ ಹೋದಳು.

ಮಗನದಾಗಿದ್ದರೂ ಬೀಳುತ್ತಿತ್ತು ಎಂಬ ಡಾಕ್ಟರ ಮಾತನ್ನು ನಾನು ಹೇಳಲಿಲ್ಲ. ಮಗನದು ನಿಲ್ಲುತ್ತಿತ್ತು ಎಂದು ತಿಳಿದುಕೊಳ್ಳಲಿ. ಗಂಜಿ ಆರಿಹೋಗಿತ್ತು. ಹಾಗೇ ಕುಡಿದರು.

ಮಾರ್ಚ್ ೪, ಶುಕ್ರವಾರ

ಅತ್ತಿಗೆ ಮತ್ತೆ ಚಳಿಜ್ವರ. ಆಪರೇಶನ್ ಮುಂದೆ ಹಾಕಿದ್ದಾರೆ. ಗಾಯ ಹಸಿರು ಕೀವು ಬಿಡುತ್ತಿದೆ, ವಾಸನಿ ಬೇರೆಯಾಗಿದೆ. ಚನ್ನವ್ವ ನನ್ನ ಕಣ್ಣು ತಪ್ಪಿಸಿ ಓಡಾಡುತ್ತಿದ್ದಾರೆ.

ಜ್ವರ ಇಳಿದ ಹೊತ್ತಿನಲ್ಲಿ ಅವ್ವ ನನ್ನನ್ನು ಕರೆದು ಸ್ಪಷ್ಟವಾಗಿ ಹೇಳಿದಳು. "ಸಿರಸಂಗಿ ಮಾತು ಸಾಕು. ದುರ್ಗಪ್ಪಗ ನಾ ಹೇಳತೇನಿ. ಶಂಕ್ರ್ಯಾನ ಕರಸು, ಅವಗ ನನ್ನ ಬಾಯಿಲೆ ಹೇಳಬೇಕು." ನೇಸರಗಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಹೇಳಿ ಕಳಿಸಿದ್ದೇನೆ. ಎಲೆಕ್ಷನ್ ಜೀಪುಗಳು ದವಾಖಾನಿಯ ಮುಂದೆಯೇ ಕೂಗುತ್ತ ಹೋಗುತ್ತವೆ. ಅವ್ವ ಬೆಚ್ಚಿ ಬೀಳುತ್ತಾಳೆ. ಕಿವಿಗೆ ಹತ್ತಿ ಇಟ್ಟೆ.

ಮಾರ್ಚ್ ೬, ರವಿವಾರ

ಅವರು ಬಂದಾಗ ಅವ್ವನಿಗೆ ಮಾತು ನಿಂತಿತ್ತು. ಕಣ್ಣು ತೆರೆದಿದ್ದಳು. ಮಗನ ಮುಖ ನೋಡುತ್ತ ತುಟಿ ಆಡಿಸಿದಳು, ದನಿ ಬರಲಿಲ್ಲ. ಅವರು ಹಾಸಿಗಿಯ ಕಾಲ ಬದಿಗೆ ನಿಂತೇ ಇದ್ದರು. ನಾನು "ಹತ್ತರ ಹೋಗ್ರಿ" ಅಂದೆ, ಅವರು ಮುಂದೆ ಬಂದರು, ಅಷ್ಟರಲ್ಲಿ.

ಅವ್ವ ಹೋದಳು.

ಮೈ ತೊಳೆಯುವಾಗ ನೋಡಿದೆ. ಹೊಟ್ಟಿಯ ಮೇಲಿನ ಚುಕ್ಕಿಗಳೆಲ್ಲ ಒಂದಕ್ಕೊಂದು ಕೂಡಿ ಗಾಯ ಪೂರ್ತಿ ಮುಚ್ಚಿತ್ತು.

ಮಾರ್ಚ್ ೧೧, ಶುಕ್ರವಾರ. ನೇಸರಗಿ

ಮಣ್ಣು ಮಾಡಿ ಬಂದ ಮೇಲೆ ಬರೆಯಲು ಆಗಿರಲಿಲ್ಲ.

ಇವತ್ತು ಸೋದರಮಾವ ದುರ್ಗಪ್ಪ ಹಿರಿಯರ ನಡುವೆ ಕೂತು ಮಾತು ತೆಗೆದರು. ಅಕ್ಕನ ಕಡೀ ಆಸೆ ಇದು, ನಡೆಸಿಕೊಡಬೇಕು, ಯುಗಾದಿ ದಾಟಿಸುವುದು ಬೇಡ. ಎಲ್ಲರೂ ಹೌದೆಂದರು. ನಾನು ಅಡಿಗಿಮನಿಯ ಬಾಗಿಲಿಗೆ ಬಂದು, ಅವ್ವ ಹೋದ ಶುಕ್ರವಾರ ಏನು ಹೇಳಿದಳೋ ಅದನ್ನು ಹೇಳಿದೆ. ಒಂದು ಶಬ್ದ ಕೂಡಿಸಲಿಲ್ಲ, ಬಿಡಲಿಲ್ಲ. ಯಾರೂ ಬೈಯಲಿಲ್ಲ. ದುರ್ಗಪ್ಪ ಎಲೆಗೆ ಸುಣ್ಣ ಹಚ್ಚುತ್ತ, "ಜ್ವರದಾಗ ಏನರ ಅಂದಿರತಾಳವಾ" ಅಂದರು. ಒಬ್ಬರು ಕೆಮ್ಮಿದರು.

ನಾನು ಕೇಳಿದೆ, "ನೀವು ಹೇಳ್ರಿ. ನಿಮ್ಮ ಮನಸ್ಸಿನ್ಯಾಗ ಏನೈತಿ?"

ಶಂಕ್ರೆಪ್ಪ ನೆಲ ನೋಡುತ್ತ ಕೂತಿದ್ದ. "ಹಿರ್ಯಾರು ಹೆಂಗ ಹೇಳತಾರ ಹಂಗ" ಅಂದ.

ಒಳಗೆ ಬಂದು ಒಲಿಯ ಮೇಲಿನ ಸಾರು ಇಳಿಸಿದೆ. ಅಳು ಬರಬೇಕಿತ್ತು. ಸಾರಿಗೆ ಉಪ್ಪು ಹಾಕಿದ್ದೆನೋ ಇಲ್ಲವೋ ಎಂದು ನೆನಪಿಸಿಕೊಳ್ಳುತ್ತ ನಿಂತಿದ್ದೆ.

ಮಾರ್ಚ್ ೧೫, ಮಂಗಳವಾರ. ಬೈಲಹೊಂಗಲ

ಅವ್ವನ ಕೌದಿ ದವಾಖಾನಿಯಲ್ಲೇ ಉಳಿದಿತ್ತು, ತರಲು ಬಂದೆ. ಸಂಜಿ ಬಸ್ಸಿಗೆ ತಿರುಗಿ ಹೋಗುವುದು.

ಅವ್ವ ಮಲಗಿದ್ದ ಹಾಸಿಗಿಯಲ್ಲಿ ಮುರಗೋಡದ ಹುಡುಗಿ, ಮುದಕವ್ವ ಅಂತ. ಎಣ್ಣಿ ಸ್ಟೋವ್ ಸಿಡಿದು ಎದಿ, ಕುತ್ತಿಗಿ, ತೋಳು ಸುಟ್ಟಿದೆ. ಜೊತೆಗೆ ಅಪ್ಪ ಲಗಮಪ್ಪ ಒಬ್ಬರೇ, ಅವರು ಬಾಗಿಲಿನಿಂದ ಒಳಗೆ ಬರಲಾರರು. ಯಾರೋ ಹೊಸ ಆಯಾ ಒಣಗಿದ ಪಟ್ಟಿಯನ್ನು ಹಾಗೇ ಎಳೆಯಲು ಹೋದಳು. ನಾನು ಅವಳ ಕೈ ಹಿಡಿದೆ. ಉಪ್ಪುನೀರಿನ ಬೋಗುಣಿ ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಹನಿಸುತ್ತ ಕೂತೆ. ಬಸ್ಸು ತಪ್ಪಿತು. ಚನ್ನವ್ವನ ಖೋಲಿಯಲ್ಲಿ ಮಲಗುತ್ತೇನೆ. ನಾಳೆ ಹೋದರಾಯಿತು.

ಮಾರ್ಚ್ ೧೭, ಗುರುವಾರ

ಮುದಕವ್ವನ ಕುತ್ತಿಗಿಯದು ಕೆಂಪಗಿದೆ, ಮುಟ್ಟಿದರೆ ಚೀರುತ್ತಾಳೆ. ಚಲೋ. ತೋಳಿನದು ಇನ್ನೂ ಗೊತ್ತಾಗುತ್ತಿಲ್ಲ. ರಾತ್ರಿ ನೀರಡಿಸಿ ಎರಡು ಸಲ ಕರೆದಳು.

ಮಾರ್ಚ್ ೨೧, ಸೋಮವಾರ

ಹುಡುಗಿಗೆ ಜ್ವರ ಹೆಚ್ಚು. ತೋಳಿನ ಮೇಲೆ ಬಿಳಿ, ಸೂಜಿ ಗೊತ್ತಾಗುವುದಿಲ್ಲ. ಅದರ ಅರ್ಥ ಡಾಕ್ಟರಿಗೂ ನನಗೂ ಗೊತ್ತಿದೆ.

ಮಧ್ಯಾಹ್ನ ಪಟ್ಟಿ ಬಿಚ್ಚುವಾಗ ಆಯಾ ಬಂದು, ನಿಮ್ಮ ಊರಿನಿಂದ ಶಂಕ್ರೆಪ್ಪ ಅನ್ನುವವರು ಬಂದಿದ್ದಾರೆ, ಬೇವಿನ ಮರದ ಕೆಳಗೆ ನಿಂತಿದ್ದಾರೆ, ಲಗ್ನದ ದಿನ ಗೊತ್ತಾಗಿದೆಯಂತೆ, ಅಡಿಗಿಗೆ ಕೈ ಬೇಕು, ಮನಿಗೆ ಕರೆದುಕೊಂಡು ಹೋಗಲು ಬಂದಿದ್ದಾರೆ ಎಂದು ಹೇಳಿದಳು. ಇನ್ನೂ ಒಂದು ಪದರು ಅಂಟಿಕೊಂಡಿತ್ತು. ಹುಡುಗಿ ನನ್ನ ಸೆರಗನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದಳು. ಸ್ವಲ್ಪ ನಿಲ್ಲು ಎಂದು ಹೇಳು ಅಂದೆ.

ಪಟ್ಟಿ ಕಟ್ಟಿ, ಹಾಸಿಗಿ ಬದಲಿಸಿ, ಅವಳು ಕಣ್ಣು ಮುಚ್ಚಿದ ಮೇಲೆ ಹೊರಗೆ ಹೋದೆ. ಮರದ ಕೆಳಗೆ ಯಾರೂ ಇರಲಿಲ್ಲ. ಬಸ್ಸಿನ ಹೊತ್ತಾಗಿರಬೇಕು. ಲಗಮಪ್ಪ ಕಟ್ಟೆಯ ಮೇಲೆ ಕೂತಿದ್ದವರು ಎದ್ದು, ಮಗಳು ಹೇಗಿದ್ದಾಳೆ ಎಂದು ಕೇಳಿದರು. ಮಲಗಿದ್ದಾಳೆ ಅಂದೆ. ಒಳಗೆ ಬಂದು, ಸಂಜಿಯ ಡ್ರೆಸ್ಸಿಂಗಿಗೆ ನೀರು ಕುದಿಯಲಿಟ್ಟೆ.